ದಮ್ಮಿನ ರೋಗಿಗೆ ಹಾಸಿಗೆಯೊಂದೇ ಸಾಕೆ?

ನಮ್ಮ ಪಟ್ಟಣದ ದೊಡ್ಡಾಸ್ಪತ್ರೆಗೆ ಕಳೆದ ತಿಂಗಳು ನಾವು ನಾಲ್ಕು ಬಾರಿ ಹೋಗಬೇಕಾಯಿತು. ಕ್ವಾರಿಯಲ್ಲಿ ಇಪ್ಪತ್ತು ವರ್ಷ ಕಲ್ಲು ಒಡೆದ ನಮ್ಮ ಸಂಘದ ಸದಸ್ಯರೊಬ್ಬರು ಉಸಿರು ಕಟ್ಟಿ ಅಲ್ಲಿ ಮಲಗಿದ್ದರು. ಅವರು ಒಳಗೆ ಹೋದದ್ದು ಹೆಂಡತಿಯ ಹೆಗಲು ಹಿಡಿದು, ತಮ್ಮ ಕಾಲ ಮೇಲೆಯೇ. ಹನ್ನೊಂದು ದಿನಗಳ ಮೇಲೆ ಹೊರಗೆ ಬಂದದ್ದು ಗಾಲಿಕುರ್ಚಿಯಲ್ಲಿ. ಕೆಮ್ಮು ಇಳಿದಿತ್ತು, ಕಫದ ಬಣ್ಣ ತಿಳಿಯಾಗಿತ್ತು, ಬಿಡುಗಡೆಯ ಚೀಟಿಯಲ್ಲಿ ಸುಧಾರಿಸಿದ್ದಾರೆ ಎಂದು ಬರೆದಿತ್ತು. ಆದರೆ ಆಟೋ ಹತ್ತಿಸಲು ಇಬ್ಬರು ಬೇಕಾಯಿತು. "ಮೇಷ್ಟ್ರೇ, ಬರೋವಾಗ ನಡ್ಕೊಂಡೇ ಬಂದ್ರಲ್ಲ, ಕಾಯಿಲೆ ಇದ್ದದ್ದು ಎದೇಲಿ. ಈಗ ಕಾಲಿಗೆ ಏನಾಯ್ತು?" ಎಂದು ಅವರ ಹೆಂಡತಿ ನಮ್ಮನ್ನು ಕೇಳಿದರು.

ನಮ್ಮಲ್ಲಿ ಆಗ ಉತ್ತರವಿರಲಿಲ್ಲ. ನಾವು ವೈದ್ಯರಲ್ಲ. ಆದರೆ ಆ ತಾಯಿಯ ಪ್ರಶ್ನೆ ಬಹು ದೊಡ್ಡದು. ತಿಳಿದವರನ್ನು ಕೇಳಿ, ಸಿಕ್ಕಿದ್ದನ್ನು ಓದಿ, ನಮಗೆ ಅರ್ಥವಾದಷ್ಟನ್ನು ಓದುಗರ ಮುಂದಿಡುತ್ತಿದ್ದೇವೆ.

ಮೊದಲು ಈ ರೋಗಿಗಳು ಯಾರು ಎಂಬುದನ್ನು ನೋಡೋಣ. 2016ರಲ್ಲಿ ನಮ್ಮ ದೇಶದಲ್ಲಿ ಸಿಓಪಿಡಿ ಎಂಬ ಬಹುಕಾಲದ ಶ್ವಾಸಕೋಶ ರೋಗದಿಂದ ನರಳುತ್ತಿದ್ದವರು ಸುಮಾರು ಐದೂವರೆ ಕೋಟಿ ಎಂದು ಲೆಕ್ಕ ಹಾಕಲಾಯಿತು. ಬೀಡಿ ಸಿಗರೇಟು ಸೇದಿ ಬರಿಸಿಕೊಂಡ ರೋಗವೆಂದು ಇದನ್ನು ತಳ್ಳಿಹಾಕುವ ಚಾಳಿ ದೊಡ್ಡವರಲ್ಲಿದೆ. ಬೀಡಿಯ ಪಾಲಿಲ್ಲವೆಂದು ನಾವೂ ಹೇಳುವುದಿಲ್ಲ. ಆದರೆ ಹೆಂಗಸರ ವಾರ್ಡಿನಲ್ಲಿ ಉಬ್ಬಸದಿಂದ ಕುಳಿತೇ ನಿದ್ದೆ ಮಾಡುವ ಅಜ್ಜಿಯರು ಯಾವ ಬೀಡಿ ಸೇದಿದರು? ಮೈಸೂರಿನ ವೈದ್ಯರು ಸುತ್ತಲ ಹಳ್ಳಿಗಳಲ್ಲಿ ಅಧ್ಯಯನ ನಡೆಸಿ 2013ರಲ್ಲಿ ಒಂದು ಲೆಕ್ಕ ಕೊಟ್ಟರು. ದಿನಕ್ಕೆ ಎಷ್ಟು ಗಂಟೆ ಸೌದೆ ಒಲೆಯ ಮುಂದೆ ಕೂರುತ್ತಾರೆ, ಹಾಗೆ ಎಷ್ಟು ವರ್ಷ ಕುಳಿತಿದ್ದಾರೆ, ಇವೆರಡನ್ನೂ ಗುಣಿಸಿರಿ. ಗುಣಲಬ್ಧ 60 ಮುಟ್ಟಿತೆಂದರೆ ಕೆಮ್ಮು ಕಫದ ಬಹುಕಾಲದ ಕಾಯಿಲೆಯ ಅಪಾಯ ಗಮನಾರ್ಹವಾಗಿ ಏರುತ್ತದೆ. ದಿನಕ್ಕೆ ಮೂರು ಗಂಟೆಯಂತೆ ಇಪ್ಪತ್ತು ವರ್ಷ. ಹದಿನೆಂಟಕ್ಕೆ ಮದುವೆಯಾಗಿ ಒಲೆ ಹಿಡಿದ ಹೆಣ್ಣುಮಗಳು ಮೂವತ್ತೆಂಟಕ್ಕೆ ಆ ಗಡಿ ದಾಟುತ್ತಾಳೆ. ಇದು ಮೂರನೆಯ ತರಗತಿಯ ಮಗ್ಗಿ ಸಾಕಾಗುವ ಲೆಕ್ಕ.

ಇನ್ನು ಧೂಳು. ಕೋಲಾರದ ಚಿನ್ನದ ಗಣಿಯಲ್ಲಿ ಕಲ್ಲುಧೂಳಿನಿಂದ ಬರುವ ಸಿಲಿಕೋಸಿಸ್ ಇದೆಯೆಂದು 1940ರ ದಶಕದಲ್ಲೇ ವೈದ್ಯರು ಗಣಿಯಾಳುಗಳ ಎದೆಯ ಚಿತ್ರ ತೆಗೆದು ದಾಖಲಿಸಿದ್ದರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಗಣಿಯಾಳಿನ ಶ್ವಾಸಕೋಶದೊಳಗಿನ ಧೂಳು ಮಾತ್ರ ಆ ದಿನಾಂಕಕ್ಕೆ ಹೊರಗೆ ಬರಲಿಲ್ಲ. ಕ್ಷಯ ವಾಸಿಯಾದ ಮೇಲೂ ಶ್ವಾಸಕೋಶ ಗಾಯದ ಕಲೆಗಟ್ಟಿ ಜೀವನವಿಡೀ ಏದುವವರ ಗುಂಪು ಇನ್ನೊಂದು. ಎಲ್ಲರನ್ನೂ ಸೇರಿಸಿ ನೋಡಿದರೆ, ಎದೆರೋಗದ ವಾರ್ಡೆಂಬುದು ದುಡಿದವರ ವಾರ್ಡು.

ಈಗ ಆ ತಾಯಿಯ ಪ್ರಶ್ನೆಗೆ ಬರೋಣ.

ಉಸಿರಾಡುವುದೂ ಒಂದು ದುಡಿಮೆ. ಆರೋಗ್ಯವಂತನಿಗೆ ಅದರ ಕೂಲಿ ಅಲ್ಪ. ದಿನಕ್ಕೆ 36ರಿಂದ 72 ಕ್ಯಾಲೊರಿ ಸಾಕು. ಶ್ವಾಸನಾಳ ಕಿರಿದಾದ ರೋಗಿಗೆ ಅದೇ ಕೆಲಸಕ್ಕೆ 430ರಿಂದ 720 ಕ್ಯಾಲೊರಿ ಬೇಕಾಗುತ್ತದೆಂದು ವೈದ್ಯಗ್ರಂಥಗಳು ಹೇಳುತ್ತವೆ. ಒಂದು ಬೇಯಿಸಿದ ಮೊಟ್ಟೆಯಲ್ಲಿ 70 ಕ್ಯಾಲೊರಿಯ ಆಸುಪಾಸು. ಅಂದರೆ, ಸುಮ್ಮನೆ ಮಲಗಿ ಉಸಿರೆಳೆದುಕೊಳ್ಳುವುದಕ್ಕೇ ಆರರಿಂದ ಹತ್ತು ಮೊಟ್ಟೆಯ ಶಕ್ತಿ ಖರ್ಚು. ಆಳು ಮಲಗಿದ್ದಾನೆ, ಅವನಿಗೇಕೆ ಹೆಚ್ಚು ಊಟ ಎನ್ನುವವರು ಇದನ್ನು ತಿಳಿಯಬೇಕು. ಮಲಗಿರುವ ಆಳು ಇಡೀ ದಿನ ಮೂಟೆ ಹೊರುತ್ತಿದ್ದಾನೆ.

ಖರ್ಚು ಹೆಚ್ಚು, ಜಮೆ ಕಡಿಮೆ. ದಮ್ಮು ಇರುವವನಿಗೆ ಅಗಿಯುವಾಗ, ನುಂಗುವಾಗ ಉಸಿರು ತಪ್ಪುತ್ತದೆ. ಆಮ್ಲಜನಕದ ಮುಖವಾಡ ತೆಗೆದರೆ ಊಟ ಮಾಡಬಹುದು, ಊಟ ಮಾಡಲು ಕುಳಿತರೆ ಮುಖವಾಡ ಬೇಕು. ಹೊಟ್ಟೆ ತುಂಬಿದರೆ ವಪೆ ಮೇಲಕ್ಕೆ ಒತ್ತಿ ಉಬ್ಬಸ ಹೆಚ್ಚುತ್ತದೆ. ಬಾಯಿ ಒಣಗಿರುತ್ತದೆ, ನಾಲಗೆ ರುಚಿ ಕಳೆದುಕೊಂಡಿರುತ್ತದೆ. ಉಸಿರು ಸಲೀಸು ಮಾಡಲು ಕೊಡುವ ಸ್ಟೀರಾಯ್ಡ್ ಔಷಧ ಪ್ರಾಣ ಉಳಿಸುತ್ತದೆ, ನಿಜ, ಆದರೆ ಅದೂ ಮಾಂಸಖಂಡವನ್ನು ಸವೆಸುತ್ತದೆ. ರೋಗದ ಉರಿಯೂ ಸವೆಸುತ್ತದೆ. ದೇಹ ಉಸಿರಿನ ಸಾಲ ತೀರಿಸಲು ತನ್ನ ತೊಡೆಯ ಮಾಂಸವನ್ನೇ ಅಡವಿಡುತ್ತದೆ. ರೈತ ಬಿತ್ತನೆಬೀಜವನ್ನು ಬೇಯಿಸಿ ತಿಂದಂತೆ.

ಇಂಥ ರೋಗಿಗೆ ಆಸ್ಪತ್ರೆಯಲ್ಲಿ ಏನು ಸಿಗುತ್ತದೆ? ನಾವು ಹೋದ ನಾಲ್ಕೂ ದಿನ ಊಟದ ಗಾಡಿ ಬರುವ ಹೊತ್ತಿಗೇ ವಾರ್ಡಿನಲ್ಲಿದ್ದೆವು. ಬೆಳಿಗ್ಗೆ ಬ್ರೆಡ್ಡು ಹಾಲು. ಮಧ್ಯಾಹ್ನ ಒಂದೇ ಸಲಕ್ಕೆ ಗುಡ್ಡದಷ್ಟು ಅನ್ನ, ಅದರ ಮೇಲೆ ಬೇಳೆಯನ್ನು ಹುಡುಕಿದರೆ ಸಿಗಬಹುದಾದ ಸಾರು. ಸಂಜೆ ಆರೂವರೆಗೆ ಮತ್ತೆ ಅದೇ. ಅಲ್ಲಿಂದ ಮರುದಿನ ಬೆಳಿಗ್ಗೆ ಎಂಟರವರೆಗೆ, ಹದಿಮೂರೂವರೆ ಗಂಟೆ, ಏನೂ ಇಲ್ಲ. ನಮ್ಮ ಸದಸ್ಯರು ನಾಲ್ಕು ತುತ್ತು ತಿಂದು ತಟ್ಟೆ ಪಕ್ಕಕ್ಕಿಟ್ಟರು. ಹತ್ತು ನಿಮಿಷಕ್ಕೆ ತಟ್ಟೆ ಎತ್ತಿಕೊಂಡು ಹೋದರು. ಎಷ್ಟು ತಿಂದರು, ಎಷ್ಟು ಬಿಟ್ಟರು ಎಂದು ಯಾರೂ ಬರೆದುಕೊಳ್ಳಲಿಲ್ಲ. ನಾಡಿ, ಜ್ವರ, ರಕ್ತದೊತ್ತಡ ಬರೆಯುವ ಕಾಗದವಿದೆ. ಅನ್ನ ಬರೆಯುವ ಕಾಗದವಿಲ್ಲ. ಅಡುಗೆಯ ಗುತ್ತಿಗೆದಾರನಿಗೆ ಸಲ್ಲುವುದು ತಲೆಗೆ ಇಷ್ಟು ಎಂದು. ತಿಂದರೂ ಅಷ್ಟೇ, ಬಿಟ್ಟರೂ ಅಷ್ಟೇ.

ಇಲ್ಲಿ ದಾದಿಯರನ್ನು ದೂರುವುದು ಅನ್ಯಾಯ. ರಾತ್ರಿ ಪಾಳಿಯಲ್ಲಿ ಇಡೀ ವಾರ್ಡಿಗೆ ಒಬ್ಬರೇ ಇದ್ದುದನ್ನು ನಾವು ಕಣ್ಣಾರೆ ಕಂಡೆವು. ಅವರಲ್ಲಿ ಅರ್ಧ ಜನ ಗುತ್ತಿಗೆಯ ಮೇಲಿರುವವರು, ಸಂಬಳ ಯಾವಾಗ ಬಂದೀತೆಂದು ಕಾಯುವವರು.

ಆಹಾರ ಮದ್ದಲ್ಲ, ದಯೆಯ ವಿಷಯ ಎಂಬ ಭಾವನೆ ನಮ್ಮ ಆಡಳಿತದಲ್ಲಿ ಬೇರುಬಿಟ್ಟದ್ದು ಹೇಗೆ? ಅದಕ್ಕೊಂದು ಚರಿತ್ರೆಯಿದೆ. ಮೊದಲು ಕ್ಷಯರೋಗಿಗೆ ಸ್ಯಾನಟೋರಿಯಂ ಒಂದೇ ಗತಿಯಾಗಿತ್ತು. ತಿಂಗಳುಗಟ್ಟಲೆ ಮಲಗು, ಹಾಲು ಮೊಟ್ಟೆ ತಿನ್ನು, ಒಳ್ಳೆಯ ಗಾಳಿ ಕುಡಿ. ಬಡವನಿಗೆ ಅಲ್ಲಿ ಹಾಸಿಗೆ ಸಿಗುತ್ತಿರಲಿಲ್ಲ. 1956ರಲ್ಲಿ ಮದ್ರಾಸಿನಲ್ಲಿ ಒಂದು ಪರೀಕ್ಷೆ ಶುರುವಾಯಿತು. 193 ಬಡ ರೋಗಿಗಳಲ್ಲಿ ಕೆಲವರನ್ನು ಸ್ಯಾನಟೋರಿಯಮ್ಮಿಗೆ, ಕೆಲವರನ್ನು ಅವರವರ ಇಕ್ಕಟ್ಟಿನ ಮನೆಗೆ ಕಳಿಸಿ, ಇಬ್ಬರಿಗೂ ಒಂದೇ ಔಷಧವನ್ನು ಒಂದು ವರ್ಷ ಕೊಟ್ಟರು. ಮನೆಯವರು ಕಡಿಮೆ ತಿಂದರು, ಹೆಚ್ಚು ಓಡಾಡಿದರು, ಹೆಚ್ಚು ದುಡಿದರು. ಆದರೂ ಹೆಚ್ಚುಕಡಿಮೆ ಅಷ್ಟೇ ಮಂದಿ ವಾಸಿಯಾದರು. 1959ರಲ್ಲಿ ಬಂದ ಈ ವರದಿ ಲೋಕಕ್ಕೇ ಉಪಕಾರ ಮಾಡಿತು. ಬಡವನ ಮನೆಬಾಗಿಲಿಗೆ ಚಿಕಿತ್ಸೆ ಹೋಗಬಹುದೆಂದು ತೋರಿಸಿತು. ಹಾಸಿಗೆ ಹಿಡಿದು ಮಲಗುವುದರಲ್ಲಿ ಯಾವ ಪುಣ್ಯವೂ ಇಲ್ಲವೆಂದು ತೋರಿಸಿತು.

ಆದರೆ ಆಳುವವರು ಅದನ್ನು ಓದಿಕೊಂಡ ರೀತಿಯೇ ಬೇರೆ. ಮಾತ್ರೆಯಿದ್ದರೆ ಅನ್ನ ಬೇಕಿಲ್ಲ ಎಂದು ಓದಿಕೊಂಡರು. ಅದೇ ವರದಿಯಲ್ಲಿ ಮನೆಯ ರೋಗಿಗಳ ತೂಕ ಸ್ಯಾನಟೋರಿಯಮ್ಮಿನವರಷ್ಟು ಏರಲಿಲ್ಲವೆಂದೂ ಇತ್ತು. ಆ ಸಾಲು ಯಾರ ಕಣ್ಣಿಗೂ ಬೀಳಲಿಲ್ಲ, ಏಕೆಂದರೆ ಆ ಸಾಲಿಗೆ ಖಜಾನೆಯಿಂದ ದುಡ್ಡು ತೆರಬೇಕಾಗುತ್ತಿತ್ತು. ರೋಗಿ ಮಲಗುವುದು ಅಗತ್ಯವಿಲ್ಲ ಎಂಬುದನ್ನು ಮರೆತು ವಾರ್ಡಿನಲ್ಲಿ ಮಲಗಿಸಿದರು, ತೂಕದ ಪ್ರಶ್ನೆ ಬಾಕಿಯಿದೆ ಎಂಬುದನ್ನು ಮರೆತು ಊಟ ಕೈಬಿಟ್ಟರು. ಎರಡೂ ತಲೆಕೆಳಗು.

ಬಾಕಿಯಿದ್ದ ಪ್ರಶ್ನೆಗೆ ಉತ್ತರ ಬರಲು ಅರವತ್ತನಾಲ್ಕು ವರ್ಷ ಹಿಡಿಯಿತು. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಮತ್ತು ಜೊತೆಗಾರರು ಜಾರ್ಖಂಡಿನ 4 ಜಿಲ್ಲೆಗಳಲ್ಲಿ 2,800 ಕ್ಷಯರೋಗಿಗಳಿಗೆ ಔಷಧದೊಡನೆ ತಿಂಗಳಿಗೆ 10 ಕಿಲೋ ಪಡಿ ಕೊಟ್ಟು ನೋಡಿದರು. ಅಕ್ಕಿ, ಬೇಳೆ, ಹಾಲಿನಪುಡಿ, ಎಣ್ಣೆ. ದಿನಕ್ಕೆ 1,200 ಕ್ಯಾಲೊರಿ, 52 ಗ್ರಾಂ ಪ್ರೋಟೀನು. ಐವರಲ್ಲಿ ನಾಲ್ವರು ರೋಗಿಗಳು ಇರಬೇಕಾದ ತೂಕಕ್ಕಿಂತ ಕಡಿಮೆಯಿದ್ದರು. 2023ರಲ್ಲಿ ಫಲಿತಾಂಶ ಬಂತು. ಮೊದಲ ಎರಡು ತಿಂಗಳಲ್ಲಿ ತೂಕ ಶೇ. 5ರಷ್ಟು ಏರಿದವರಲ್ಲಿ ಸಾವಿನ ಅಪಾಯ ಶೇ. 61ರಷ್ಟು ಕಡಿಮೆಯಾಗಿತ್ತು. ನಲವತ್ತು ಕಿಲೋ ಆಳು ನಲವತ್ತೆರಡಾಗುವುದು, ಅಷ್ಟೇ! ಮನೆಮಂದಿಗೂ ಪಡಿ ಕೊಟ್ಟ ಕಡೆ ಅವರಿಗೆ ಕ್ಷಯ ತಗಲುವುದು ಶೇ. 39ರಷ್ಟು ತಗ್ಗಿತು. ಸೌತೆಕಾಯಿ, ಕೇಸರಿ, ಬಾದಾಮಿ ಅಲ್ಲ, ಸ್ವಾಮಿ, ಅಕ್ಕಿ ಬೇಳೆ.

ಕ್ಷಯರೋಗಿಗೆ 2018ರಿಂದ ಕೇಂದ್ರ ಸರ್ಕಾರ ಪೋಷಣೆಗಾಗಿ ತಿಂಗಳಿಗೆ 500 ರೂಪಾಯಿ ಕೊಡತೊಡಗಿತು, 2024ರ ನವೆಂಬರಿನಿಂದ ಅದು 1,000 ಆಯಿತು. ಸಾಲದಾದರೂ ತತ್ತ್ವ ಒಪ್ಪಿದಂತಾಯಿತು. ಸಿಲಿಕೋಸಿಸಿಗೆ ರಾಜಸ್ಥಾನ 2019ರಲ್ಲಿ ಪ್ರತ್ಯೇಕ ನೀತಿ ಮಾಡಿ ರೋಗ ದೃಢಪಟ್ಟವರಿಗೆ 3 ಲಕ್ಷ ರೂಪಾಯಿ ಎಂದು ಗೊತ್ತುಮಾಡಿತು. ಹೊಗೆಯಿಂದ, ಧೂಳಿನಿಂದ ದಮ್ಮು ಹತ್ತಿದವನ ಊಟದ ಮಾತು ಎಲ್ಲಿ? ಕ್ರಿಮಿಯಿಂದ ಬಂದ ರೋಗಕ್ಕೆ ಅನ್ನದ ಹಕ್ಕು, ಮಾಲೀಕನ ಧೂಳಿನಿಂದ ಬಂದ ರೋಗಕ್ಕೆ ಇಲ್ಲ ಎಂದರೆ ಇದು ಯಾವ ನ್ಯಾಯ?

ದಮ್ಮಿನ ರೋಗದಲ್ಲೂ ತೂಕ ಎಂದರೆ ಆಯುಷ್ಯವೇ. 2004ರಿಂದ ಲೋಕದ ವೈದ್ಯರು ಈ ರೋಗಿಯ ಮುಂದಿನ ಗತಿಯನ್ನು ಅಂದಾಜು ಮಾಡಲು ನಾಲ್ಕು ಅಂಶ ನೋಡುತ್ತಾರೆ. ಊದುವ ಯಂತ್ರದ ಅಳತೆ ಅದರಲ್ಲಿ ಒಂದು ಮಾತ್ರ. ಉಳಿದವು ಎತ್ತರಕ್ಕೆ ತಕ್ಕ ತೂಕವಿದೆಯೇ, ಎಷ್ಟು ಏದುತ್ತಾನೆ, ಆರು ನಿಮಿಷದಲ್ಲಿ ಎಷ್ಟು ದೂರ ನಡೆಯುತ್ತಾನೆ ಎಂಬವು. ಆರು ನಿಮಿಷದ ನಡಿಗೆಗೆ ಬೇಕಾದದ್ದು 30 ಮೀಟರು ವರಾಂಡ, ಎರಡು ಕುರ್ಚಿ, ಒಂದು ಗಡಿಯಾರ. ನಾವು ಕಂಡ ಆಸ್ಪತ್ರೆಯ ವರಾಂಡ ಅದಕ್ಕಿಂತ ಉದ್ದವಿದೆ. ಅಲ್ಲಿ ಮುರಿದ ಮಂಚಗಳನ್ನು ಪೇರಿಸಿಟ್ಟಿದ್ದಾರೆ.

ನಡಿಗೆಯ ಮಾತಿಗೆ ಬಂದೆವು. ಮಲಗಿದವನ ಕಾಲು ಎಷ್ಟು ಬೇಗ ಕರಗುತ್ತದೆಂಬುದು ನಮಗೂ ಹೊಸ ಸಂಗತಿ. 2007ರಲ್ಲಿ ಅಮೆರಿಕದಲ್ಲಿ ಆರೋಗ್ಯವಂತರಾದ ಹನ್ನೆರಡು ಮಂದಿ ವಯಸ್ಸಾದವರನ್ನು ಹತ್ತು ದಿನ ಹಾಸಿಗೆಯಲ್ಲೇ ಇಟ್ಟು ಅಳೆದರು. ಹೊಟ್ಟೆಗೆ ಕೊರತೆಯಿಲ್ಲ, ರೋಗವಿಲ್ಲ. ಆದರೂ ಕಾಲುಗಳ ಮಾಂಸ ಸುಮಾರು ಒಂದು ಕಿಲೋ ಇಳಿದುಹೋಯಿತು. ಹೀಗಿರುವಾಗ ಹಸಿದವನು, ಉಸಿರಿಗೆ ಹೋರಾಡುವವನು ಹನ್ನೊಂದು ದಿನ ಮಲಗಿದರೆ ಏನಾದೀತು? ಆ ತಾಯಿಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಅಕ್ಕಾ, ಕಾಲಿಗೆ ಕಾಯಿಲೆ ಅಂಟಲಿಲ್ಲ. ಕಾಲನ್ನು ನಾವೆಲ್ಲ ಸೇರಿ ಹಾಸಿಗೆಯಲ್ಲಿ ಕಳೆದುಹಾಕಿದೆವು.

'ನಾವೆಲ್ಲ' ಎಂದದ್ದಕ್ಕೆ ಕಾರಣವಿದೆ. ನಾವೂ ಅವರನ್ನು ನೋಡಲು ಹೋದಾಗಲೆಲ್ಲ "ಏಳಬೇಡಿ, ಏಳಬೇಡಿ, ಮಲಗಿಕೊಳ್ಳಿ" ಎಂದೇ ಹೇಳಿದ್ದು. ಮರ್ಯಾದೆಗೆ ಹೇಳುವ ಮಾತು. ಮಗ ಬಂದು ಹೊದಿಕೆ ಸರಿಮಾಡಿದ, ನೆಂಟರು ಬಂದು ಕಾಲೊತ್ತಿದರು. ಒಬ್ಬರೂ ಕೈಹಿಡಿದು ನಾಲ್ಕು ಹೆಜ್ಜೆ ನಡೆಸಲಿಲ್ಲ.

ನಡೆಸುವುದಕ್ಕೆ ದಾರಿ ಎಲ್ಲಿತ್ತು ಎಂದೂ ಕೇಳಬೇಕು. 2021ರ ಎರಡನೆಯ ಅಲೆಯ ಹಾಹಾಕಾರದ ಮೇಲೆ ಜಿಲ್ಲಾ ಆಸ್ಪತ್ರೆಗಳಿಗೆ ಆಮ್ಲಜನಕದ ಘಟಕ, ಹಾಸಿಗೆ ಹಾಸಿಗೆಗೂ ಕೊಳವೆ ಬಂದವು. ಒಳ್ಳೆಯದೇ ಆಯಿತು. ಆದರೆ ಕೊಳವೆ ಗೋಡೆಯಲ್ಲಿದೆ, ರೋಗಿ ಕೊಳವೆಯ ತುದಿಯಲ್ಲಿದ್ದಾನೆ. ಕಟ್ಟಿಹಾಕಿದ ಕರುವಿನಂತೆ ಹಗ್ಗದುದ್ದ ಅವನ ಲೋಕ. ಗಾಲಿಯ ಮೇಲಿನ ಸಣ್ಣ ಸಿಲಿಂಡರು ವಾರ್ಡಿಗೊಂದು ಇದ್ದರೆ ಅವನು ಎದ್ದು ಓಡಾಡಬಲ್ಲ. ಇನ್ನು ಶೌಚಾಲಯ. ಅಂಥ ವಾರ್ಡಿನಲ್ಲಿ ರೋಗಿ ನಡೆಯುವುದೆಂದರೆ ಅಲ್ಲಿಗೆ ಮಾತ್ರ. ನೆಲ ಸದಾ ಒದ್ದೆ, ಹಿಡಿದುಕೊಳ್ಳಲು ಕಂಬಿಯಿಲ್ಲ. ಆ ಭಯಕ್ಕೆ ನಮ್ಮ ಸದಸ್ಯರು ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದರು. ನೀರು ಕಡಿಮೆಯಾದರೆ ಕಫ ಗಟ್ಟಿ. ಹೀಗೆ ಒಂದಕ್ಕೊಂದು ಕೊಂಡಿ.

ಒಂದು ಎಚ್ಚರಿಕೆಯ ಮಾತನ್ನು ಮುಚ್ಚಿಡಬಾರದು. ಇಂಗ್ಲೆಂಡಿನ ಲೆಸ್ಟರಿನಲ್ಲಿ 389 ರೋಗಿಗಳ ಮೇಲೆ ಪರೀಕ್ಷೆ ಮಾಡಿ 2014ರಲ್ಲಿ ಪ್ರಕಟಿಸಿದರು. ಆಸ್ಪತ್ರೆಗೆ ಸೇರಿದ ಎರಡೇ ದಿನದೊಳಗೆ ವ್ಯಾಯಾಮ ಶುರುಮಾಡಿಸಿ ಮನೆಯಲ್ಲೂ ಮುಂದುವರಿಸುವಂತೆ ಹೇಳಿದವರು ಮತ್ತೆ ಆಸ್ಪತ್ರೆಗೆ ಬರುವುದು ಕಡಿಮೆಯಾಗಲಿಲ್ಲ, ವರ್ಷದೊಳಗೆ ಸತ್ತವರು ಆ ಗುಂಪಿನಲ್ಲಿ ಹೆಚ್ಚಿದ್ದರು. ಬೇರೆ ಪರೀಕ್ಷೆಗಳಲ್ಲಿ ಉಲ್ಬಣ ಇಳಿದ ಮೇಲೆ, ತಜ್ಞರ ಕಣ್ಣೆದುರಿಗೆ ಮಾಡಿಸಿದ ಅಭ್ಯಾಸದಿಂದ ಒಳ್ಳೆಯದಾಗಿದೆ. ಆದ್ದರಿಂದ ನಾವು ಕೇಳುತ್ತಿರುವುದು ಏದುವವನನ್ನು ಎಬ್ಬಿಸಿ ಕವಾಯತು ಮಾಡಿಸಿರೆಂದಲ್ಲ. ಮಂಚದಿಂದ ಇಳಿದು ಕುರ್ಚಿಯಲ್ಲಿ ಕುಳಿತು ಊಟ ಮಾಡಲಿ, ಹಿಡಿದುಕೊಂಡು ನಾಲ್ಕು ಬಾರಿ ಎದ್ದು ಕೂರಲಿ, ವೈದ್ಯರು ಹೂಂ ಎಂದ ದಿನ ವರಾಂಡದ ಅರ್ಧ, ಆಮೇಲೆ ಪೂರ್ತಿ. ಇದನ್ನು ನೋಡಿಕೊಳ್ಳಲು ತಿಳಿದ ಆಳು ಬೇಕು. ಫಿಸಿಯೋಥೆರಪಿಯವರ ಒಂದು ಕೋಣೆ ಅಲ್ಲಿ ಇದೆ. ಮೂಳೆ ಮುರಿದವರ ಸಾಲು ಮುಗಿದು ಎದೆರೋಗದ ವಾರ್ಡಿಗೆ ಅವರು ಬಂದದ್ದನ್ನು ಆ ಹನ್ನೊಂದು ದಿನಗಳಲ್ಲಿ ಯಾರೂ ಕಾಣಲಿಲ್ಲ.

ಪುಡಿಯ ಡಬ್ಬಿಗಳ ಬಗ್ಗೆಯೂ ಒಂದು ಮಾತು. ಚೀಟಿಯ ಕೊನೆಯಲ್ಲಿ ಪ್ರೋಟೀನು ಪುಡಿಯ ಹೆಸರು ಬರೆದಿತ್ತು. ಎದುರಿನ ಅಂಗಡಿಯಲ್ಲಿ ಕೇಳಿದರೆ ಡಬ್ಬಿಯ ಬೆಲೆ ಅವರ ಎರಡು ದಿನದ ಕೂಲಿ. 2016ರಲ್ಲಿ ಅಮೆರಿಕದಲ್ಲಿ ಎದೆ ಮತ್ತು ಹೃದಯದ ಕಾಯಿಲೆಯಿಂದ ಆಸ್ಪತ್ರೆ ಸೇರಿದ, ಸೊರಗಿದ 652 ವಯಸ್ಸಾದವರ ಮೇಲೆ ಅಂಥದೊಂದು ಪೇಯ ಪರೀಕ್ಷಿಸಿದರು. ಮುಖ್ಯವಾಗಿ ಅಳೆಯಲು ಹೊರಟ ವಿಷಯದಲ್ಲಿ ವ್ಯತ್ಯಾಸ ಕಾಣಲಿಲ್ಲ, ಆದರೆ 90 ದಿನಗಳೊಳಗೆ ಸತ್ತವರು ಅರ್ಧಕ್ಕೆ ಇಳಿದಿದ್ದರು. ಪರೀಕ್ಷೆಗೆ ಹಣ ಕೊಟ್ಟದ್ದು ಪೇಯ ಮಾರುವ ಕಂಪನಿಯೇ. ಅದನ್ನು ಮನಸ್ಸಿನಲ್ಲಿಟ್ಟೇ ಓದಬೇಕು. ಸೊರಗಿದವನಿಗೆ ಪುಷ್ಟಿ ಕೊಟ್ಟರೆ ತೂಕ ಏರುತ್ತದೆ, ಇದರಲ್ಲಿ ಸಂಶಯವಿಲ್ಲ. ಆದರೆ ಪುಷ್ಟಿ ಎಂದರೆ ಡಬ್ಬಿಯೇ ಏಕಾಗಬೇಕು? ಎರಡು ಮೊಟ್ಟೆ, ಹುರಿಗಡಲೆ, ಕಡಲೆಕಾಯಿ, ಗಟ್ಟಿ ಬೇಳೆ, ಹಾಲು ಹಾಕಿದ ರಾಗಿ ಗಂಜಿ ನಮ್ಮ ಸಂತೆಯಲ್ಲೇ ಇವೆ. ಶಾಲೆಯ ಮಕ್ಕಳ ತಟ್ಟೆಗೆ ಮೊಟ್ಟೆ ಬರುವಾಗ ಎಷ್ಟು ಗಲಾಟೆ ಎಬ್ಬಿಸಿದರೆಂಬುದು ನಮಗೆ ನೆನಪಿದೆ. ತಿನ್ನದವರಿಗೆ ಬೇರೆ ಕೊಡಿ. ತಿನ್ನುವವರ ತಟ್ಟೆಯಿಂದ ಕಸಿಯಬೇಡಿ.

ನಾವು ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಕೊಡಲಿರುವ ಮನವಿಯಲ್ಲಿ ದೊಡ್ಡ ಯೋಜನೆಗಳೇನೂ ಇಲ್ಲ. ಎದೆರೋಗದ ಪ್ರತಿಯೊಬ್ಬರನ್ನೂ ಸೇರಿದ ದಿನ ಮತ್ತು ಬಿಡುವ ದಿನ ತೂಗಿ ಚೀಟಿಯಲ್ಲಿ ಬರೆಯಿರಿ. ಮೂರು ದೊಡ್ಡ ಊಟದ ಬದಲು ಆರು ಸಣ್ಣ ಊಟ ಕೊಡಿ, ರಾತ್ರಿ ಒಂಬತ್ತಕ್ಕೆ ಒಂದು ಲೋಟ ಗಂಜಿಯಾದರೂ ಇರಲಿ. ತಟ್ಟೆಯಲ್ಲಿ ಉಳಿದದ್ದನ್ನು ಬರೆಯಿರಿ. ಮುರಿದ ಮಂಚ ತೆಗೆದು ವರಾಂಡ ಬಿಡಿಸಿ, ಶೌಚಾಲಯಕ್ಕೆ ಕಂಬಿ ಹಾಕಿಸಿ, ಗಾಲಿ ಸಿಲಿಂಡರು ಕೊಡಿಸಿ. ಮನೆಗೆ ಕಳಿಸುವಾಗ ಕ್ಷಯರೋಗಿಗೆ ಕೊಡುವಂತೆ ಇವರಿಗೂ ಆರು ತಿಂಗಳ ಪಡಿ ಬರೆದುಕೊಡಿ. ಕೊನೆಯದಕ್ಕೆ ಅಧಿಕಾರಿಗಳ ಕೈಯಲ್ಲಿ ಅಧಿಕಾರವಿಲ್ಲ ಎಂಬುದು ನಮಗೆ ಗೊತ್ತು. ಅದು ಬೆಂಗಳೂರಿಗೆ ಹೋಗಬೇಕಾದ ಮಾತು, ಅಲ್ಲಿಗೂ ಹೋಗುತ್ತೇವೆ. ಮೊದಲಿನವಕ್ಕೆ ಯಾವ ಮಂತ್ರಿಯ ಅಪ್ಪಣೆಯೂ ಬೇಕಿಲ್ಲ.

ಹಣ ಎಲ್ಲಿದೆ ಎಂದು ಕೇಳುವವರಿಗೆ ಒಂದೇ ಉತ್ತರ. ಹೀಗೆ ಬಡಕಲಾಗಿ ಮನೆಗೆ ಹೋದವನು ಮತ್ತೆ ಅದೇ ಹಾಸಿಗೆಗೆ ಬರುತ್ತಾನೆ. ಅವನ ಎರಡನೆಯ ಸಲದ ಇಂಜಕ್ಷನ್ನು, ಆಮ್ಲಜನಕ, ಹಾಸಿಗೆಗೆ ಎಷ್ಟು ಖರ್ಚೆಂದು ಬರೆದು ಪಕ್ಕದಲ್ಲಿ ಎರಡು ಮೊಟ್ಟೆಯ ಬೆಲೆ ಬರೆಯಲಿ. ಕಳೆಯುವ ಲೆಕ್ಕ ಬಾರದಿದ್ದರೆ ನಾವು ಕಲಿಸಿಕೊಡುತ್ತೇವೆ, ನಮಗೆ ಆ ಕೆಲಸ ರೂಢಿಯಿದೆ.

ನಮ್ಮ ಸದಸ್ಯರ ಚೀಟಿಯಲ್ಲಿ ತೂಕ ಬರೆದಿರಲಿಲ್ಲ. ಮನೆಗೆ ಬಂದ ಮೂರನೆಯ ದಿನ ಅವರನ್ನು ಸೊಸೈಟಿಯ ಪಡಿತರದ ತಕ್ಕಡಿಯ ಮೇಲೆ ನಿಲ್ಲಿಸಿದೆವು. ಬಟ್ಟೆ ಸೇರಿ 38 ಕಿಲೋ. ಅವರ ಹೆಂಡತಿ ದಿನಾ ಬೆಳಿಗ್ಗೆ ಬಾಗಿಲಿನಿಂದ ಬಾವಿಕಟ್ಟೆಯವರೆಗೆ ಕೈಹಿಡಿದು ನಡೆಸುತ್ತಿದ್ದಾರೆ, ಮೊನ್ನೆಗೆ ಎರಡು ಸುತ್ತಾಗಿದೆ. ಮೊಟ್ಟೆಯನ್ನು ಸದ್ಯಕ್ಕೆ ಸಂಘದ ಚಂದಾದಿಂದ ಕೊಡಿಸುತ್ತಿದ್ದೇವೆ. ಮನವಿಗೆ ಈವರೆಗೆ 212 ಸಹಿ ಬಿದ್ದಿವೆ. ಬರುವ ಸೋಮವಾರ ಹನ್ನೊಂದು ಗಂಟೆಗೆ ಆಸ್ಪತ್ರೆಯ ಮುಂಬಾಗಿಲಿನಲ್ಲಿ ಸೇರಿ ಕೊಡುವುದೆಂದು ಗೊತ್ತಾಗಿದೆ. ಬರುವವರು ಮನೆಯಲ್ಲಿ ದಮ್ಮಿನ ರೋಗಿಗಳಿದ್ದರೆ ಅವರ ಬಿಡುಗಡೆ ಚೀಟಿಗಳನ್ನು ತರಬೇಕು.